ಕಂಪ್ಯೂಟರಿಗೆ ಗುಂಡಿ ಹಚ್ಚಿದ್ದು

ದರ್ಜಿ ಮಾಸ್ಟರಿಗೆ ಹರಡಿದ್ದನ್ನು ಕಂಡರೆ ಆಗುತ್ತಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಳತೆಪಟ್ಟಿ ಓರೆಯಾಗಿ ಬಿದ್ದಿದ್ದರೂ ಸಾಕು, ಉಣ್ಣುತ್ತಿದ್ದವರು ಎದ್ದು ಬಂದು ಎಡಗೈಯಲ್ಲಿ ನೇರ ಮಾಡಿ ಹೋಗುವರು. ದಾರದ ಉಂಡೆಗಳು ಬಣ್ಣದ ಪ್ರಕಾರ, ಸೂಜಿಗಳು ಗಾತ್ರದ ಪ್ರಕಾರ ಇರಬೇಕು. ಗಿರಾಕಿಗಳು ಬಿಟ್ಟ ಚಪ್ಪಲಿಗಳೂ ಹೊಸ್ತಿಲಾಚೆ ಜೋಡಿಜೋಡಿಯಾಗಿ ಕೂತಿರಬೇಕು. "ಇವರ ಕೈಗೆ ಆಕಾಶ ಕೊಟ್ಟರೆ ನಕ್ಷತ್ರಗಳನ್ನೂ ಸಾಲಾಗಿ ನಿಲ್ಲಿಸ್ತಾರೆ" ಎಂದು ಅವರ ಹೆಂಡತಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಅಂಥವರ ಅಂಗಡಿಗೆ ಸೊಸೆಯ ಕಂಪ್ಯೂಟರು ಬಂದು ಕೂತಿತ್ತು. ಅವಳು ಓದುವಾಗ ಅವಳಪ್ಪ ಕೊಡಿಸಿದ್ದು. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಅಂಗಡಿಗೆ ತಂದಿಟ್ಟಾಗ ಮಾಸ್ಟರು ಬೀಗರ ಎದುರಿನಲ್ಲೇ, "ನಮ್ಮ ಕತ್ತರಿಗೆ ಕರೆಂಟ್ ಬೇಕಿಲ್ಲ" ಎಂದುಬಿಟ್ಟಿದ್ದರು. ಬೀಗರು ಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟ್ರು. ಒಂದೇ ಪದ ಎರಡು ದಾರಿ ಹಿಡಿದು ಒಬ್ಬರನ್ನು ಮಾಸ್ಟರನ್ನಾಗಿಯೂ ಇನ್ನೊಬ್ಬರನ್ನು ಮೇಷ್ಟ್ರನ್ನಾಗಿಯೂ ಮಾಡಿತ್ತು. ಇಬ್ಬರೂ ಬಾಳೆಲ್ಲ ಸೀಮೆಸುಣ್ಣ ಹಿಡಿದವರೇ. ಅಂದಿನಿಂದ ಮೇಷ್ಟ್ರು ಫೋನು ಮಾಡಿದಾಗಲೆಲ್ಲ ಮೊದಲ ಪ್ರಶ್ನೆ, "ಏನು ಬೀಗರೇ, ಕತ್ತರಿಗೆ ಕರೆಂಟ್ ಬಂತಾ?" ಎಂದೇ ಇರುತ್ತಿತ್ತು.

ಸೊಸೆ ಆ ಯಂತ್ರದಲ್ಲಿ ಉಡುಪುಗಳ ಚಿತ್ರ ಬರೆಯುತ್ತಿದ್ದಳು. ಶಾಲೆಯ ಚಡ್ಡಿ, ಸಡಿಲವಾದ ಪ್ಯಾಂಟು, ಕಿತ್ತುಹೋದ ಜಿಪ್ಪು, ಅಂಗಡಿಗೆ ಬರುತ್ತಿದ್ದುದು ಇಷ್ಟೇ. ಅವಳ ಆಸೆ ರಂಗದ ಮೇಲಿನ ಉಡುಪುಗಳದು. ಎಷ್ಟೋ ತಂಡಗಳಿಗೆ ಬರೆದು ಬರೆದು, ಕೊನೆಗೆ ಒಂದು ನಾಟಕ ತಂಡದ ಉಡುಪಿನ ಮೇಲ್ವಿಚಾರಕಿ ಉತ್ತರಿಸಿದ್ದಳು: ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರಿನಲ್ಲಿ ಮಾತಾಡೋಣ, ರಾಜನ ನಿಲುವಂಗಿಯ ಚಿತ್ರ ತೋರಿಸಿ, ಆ ಹೊತ್ತಿಗೆ ಸಿಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಈ ದಿನ ಆ ಮಧ್ಯಾಹ್ನ ಬಂದಿತ್ತು. ಮಾದರಿಗೆಂದು ಹೊಲಿದಿಟ್ಟಿದ್ದ ನಿಲುವಂಗಿಯ ದೋರಿ, ಅಂದರೆ ಕಟ್ಟುವ ಹುರಿ, ಅವಳಿಗೆ ಸರಿಬಂದಿರಲಿಲ್ಲ. ಇನ್ನೂ ನುಣುಪಾದದ್ದು ಸಿಗುತ್ತದೋ ನೋಡುತ್ತೇನೆಂದು ಪೇಟೆಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದಳು: "ಮಾವ, ಊಟ ಆದ್ಮೇಲೆ ಕಂಪ್ಯೂಟರ್ ಹಾಕಿ, ಆ ಬಣ್ಣದ ಗುಂಡಿ ಒತ್ತಿ ಊರು ತೆಗೆದಿಟ್ಟಿರಿ. ಬಂದವಳೇ ಕೂತ್ಕೋತೀನಿ."

ಬಣ್ಣದ ಗುಂಡಿ ಎಂದರೆ ಇಂಟರ್‌ನೆಟ್ ತೆಗೆಯುವ ಬ್ರೌಸರಿನ ಐಕಾನು. ಪರದೆಯ ಎಡಗಡೆ, ದುಂಡಗೆ, ಬಣ್ಣಬಣ್ಣದ್ದು. ಮಾವನಿಗೆ ಕಲಿಸುವ ಮೊದಲ ದಿನ ಅವಳೇ, "ಈ ಗುಂಡಿ ಒತ್ತಿದ್ರೆ ಊರೆಲ್ಲ ಕಾಣುತ್ತೆ ನೋಡಿ" ಎಂದಿದ್ದಳು. ದರ್ಜಿಯ ಮನೆಯಲ್ಲಿ ದುಂಡಗಿರುವುದೆಲ್ಲ ಗುಂಡಿಯೇ. ಹೆಸರು ಹಾಗೇ ನಿಂತಿತು.

ಊಟ ಮುಗಿಸಿ, ಕೈ ಒರೆಸಿಕೊಂಡು, ಮಾಸ್ಟರು ಕಂಪ್ಯೂಟರು ಹಾಕಿದರು. ಪರದೆ ಬೆಳಗಿತು. ಗುಂಡಿ ಇರಲಿಲ್ಲ.

ಅವರಿಗೆ ತಕ್ಷಣ ನೆನಪಾಯಿತು. ಹಿಂದಿನ ಸಂಜೆ ಪರದೆಯ ತುಂಬ ಆ ಪುಟ್ಟ ಚಿತ್ರಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದುದನ್ನು ನೋಡಲಾರದೆ ಅವರು ಒಪ್ಪ ಮಾಡಿದ್ದರು. ಸದ್ಯಕ್ಕೆ ಕೆಲಸವಿಲ್ಲದವನ್ನೆಲ್ಲ ಒಂದೊಂದಾಗಿ ಎಳೆದು ಮೂಲೆಯಲ್ಲಿದ್ದ ಬುಟ್ಟಿಗೆ ಹಾಕಿದ್ದರು. ಅವರ ಮೇಜಿನ ಕೆಳಗೂ ಒಂದು ಬುಟ್ಟಿಯಿದೆ. ಕಾಲರಿನ ತುಂಡು, ಅಸ್ತರಿನ ತುಂಡು, ತೋಳು ಕತ್ತರಿಸಿ ಉಳಿದದ್ದು ಎಲ್ಲವೂ ಅದರಲ್ಲಿರುತ್ತವೆ, ಎಷ್ಟೋ ಮಕ್ಕಳ ಅಂಗಿಗಳಿಗೆ ಜೇಬು ಬಂದದ್ದು ಅದರಿಂದಲೇ. ದರ್ಜಿಗೆ ಬುಟ್ಟಿಗೆ ಹಾಕುವುದೆಂದರೆ ಎತ್ತಿಡುವುದು. ಎಸೆಯುವುದಕ್ಕೆ ಬೀದಿಯಿದೆ.

ಸರಿ, ಬುಟ್ಟಿಯಲ್ಲೇ ಇರಬೇಕಲ್ಲ ಎಂದು ಅದನ್ನು ತೆರೆದು ನೋಡಿದರು. ಒಳಗೆ ಬೆಳ್ಳಗೆ, ಏನೂ ಇಲ್ಲ. ಬೆಳಿಗ್ಗೆ ಸೊಸೆ ಚಿತ್ರ ತಿದ್ದುತ್ತ ಕೂತಿದ್ದಾಗ, "ಥೂ, ಎಷ್ಟು ಕಸ ತುಂಬಿದೆ" ಎಂದು ಏನೋ ಒತ್ತಿದ್ದು, ಕಾಗದ ಹರಿದಂಥ ಸದ್ದು ಬಂದದ್ದು, ತಾವು ಆಗ ಇಸ್ತ್ರಿ ಮಾಡುತ್ತ ಬೀದಿಯ ಕಡೆ ಕಿವಿಗೊಟ್ಟದ್ದು, ಎಲ್ಲ ಈಗ ಒಂದಕ್ಕೊಂದು ಹೊಲಿದುಕೊಂಡಿತು.

ಗೋಡೆಗೊರಗಿ ಅಂಚು ಮಡಿಸಿ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು. "ಏನು ಹುಡುಕ್ತಿದ್ದೀರಿ?"

"ಗುಂಡಿ."

"ಯಾವ ಸೈಜು?"

"ಅದಲ್ಲ. ಕಂಪ್ಯೂಟರಿಂದು. ನಿನ್ನೆ ಎತ್ತಿಟ್ಟಿದ್ದೆ, ಇವತ್ತು ಇಲ್ಲ."

"ನೀವು ಎತ್ತಿಟ್ಟಿದ್ದು ಯಾವತ್ತು ಸಿಕ್ಕಿದೆ? ನನ್ನ ಕನ್ನಡಕ ಎತ್ತಿಟ್ಟಿರಿ, ಹಬೆ ಇಸ್ತ್ರಿ ಡಬ್ಬದಲ್ಲಿ ಸಿಕ್ತು." ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಮಗಳಂಥವಳು ಎಷ್ಟು ದಿನದಿಂದ ಕಾಯ್ತಿದ್ದಾಳೆ ಈ ಹೊತ್ತಿಗೆ. ನಿಮ್ಮ ಕೈ ಸುಮ್ಮನಿರಲ್ಲ."

ಮಗನನ್ನು ಕೇಳೋಣವೆಂದರೆ ಅವನು ಬಸ್ಸು ಓಡಿಸುವವನು, ಸ್ಟಿಯರಿಂಗ್ ಹಿಡಿದರೆ ಫೋನು ಮುಟ್ಟುವುದಿಲ್ಲ. ಸೊಸೆಗೆ ಹೇಳಿದರೆ ದೋರಿ ಬಿಟ್ಟು ಓಡಿಬರುತ್ತಾಳೆ. ಅವಳ ಮೊಬೈಲಿನಲ್ಲಿ ಮಾತಾಡಬಹುದಾದರೂ ಚಿತ್ರಗಳೆಲ್ಲ ಈ ಯಂತ್ರದೊಳಗೆ, ಅವನ್ನು ತೋರಿಸದಿದ್ದರೆ ಮಾತು ಯಾಕೆ? ಉಳಿದವರು ಒಬ್ಬರೇ. ಮಾಸ್ಟರು ಗಂಟಲು ಸರಿಮಾಡಿಕೊಂಡು ಬೀಗರ ನಂಬರು ಒತ್ತಿದರು.

"ಏನು ಬೀಗರೇ, ಕತ್ತರಿಗೆ ಕರೆಂಟ್ ಬಂತಾ?"

"ಬಂದಿತ್ತು. ಹೋಗೋ ಹಾಗಿದೆ. ಕಂಪ್ಯೂಟರಿನ ಗುಂಡಿ ಬಿದ್ದುಹೋಗಿದೆ."

ಮೇಷ್ಟ್ರ ದನಿ ತರಗತಿಗೆ ಹೊಕ್ಕಿತು. "ಗಾಬರಿ ಬೇಡ. ಮೊದಲು ನೋಡಿದ್ದನ್ನ ಹೇಳಿ, ಊಹೆ ಆಮೇಲೆ. ಯಾವ ಗುಂಡಿ?"

"ದಿನಾ ಒತ್ತೋದು."

"ಎಲ್ಲಾನೂ ದಿನಾ ಒತ್ತೋದೇ. ಎಲ್ಲಿತ್ತು?"

"ಎಡಗಡೆ, ಮೇಲೆ. ಮೂಲೆಯಿಂದ ಎರಡನೇದು."

"ಎಡಗಡೆ, ಮೇಲೆ, ಎರಡನೇದು." ಮೇಷ್ಟ್ರು ತಮ್ಮ ಕೀಬೋರ್ಡಿನ ಮೇಲೆ ಬೆರಳಿಟ್ಟು ನೋಡುತ್ತಿದ್ದಿರಬೇಕು. "ಹಾಗಾದ್ರೆ ಅದು ಒಂದು ಅನ್ನೋ ಅಂಕಿಯ ಗುಂಡಿ. ಎಲ್ಲೂ ಹೋಗಿರಲ್ಲ, ಒಳಗೇ ಸಿಕ್ಕಿಕೊಂಡಿರುತ್ತೆ. ಕೀಬೋರ್ಡನ್ನ ತಲೆಕೆಳಗೆ ಹಿಡಿದು ಮೆಲ್ಲಗೆ ತಟ್ಟಿ."

ಪರದೆಯಲ್ಲಿದ್ದದ್ದು ಕೀಬೋರ್ಡಿನಿಂದ ಹೇಗೆ ಉದುರೀತು ಎಂಬ ಅನುಮಾನ ಮಾಸ್ಟರಿಗೆ ಬಾರದಿರಲಿಲ್ಲ. ಆದರೆ ವಿಜ್ಞಾನ ಓದಿದವರು ಹೇಳುತ್ತಿದ್ದಾರೆ, ಒಳಗೊಳಗೇ ಏನು ಸಂಬಂಧವಿದೆಯೋ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕೀಬೋರ್ಡನ್ನು ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದರು.

"ಏನಾದ್ರೂ ಬಿತ್ತಾ?"

"ಬಿತ್ತು. ಗುಂಡುಸೂಜಿ, ಚೂರು ಸೀಮೆಸುಣ್ಣ, ಒಂದಿಷ್ಟು ಕಡಲೆಕಾಯಿ ಸಿಪ್ಪೆ."

"ಸಿಪ್ಪೆ ಅವರದೇ" ಎಂದಳು ಹೆಂಡತಿ, ಫೋನಿಗೆ ಕೇಳುವಷ್ಟು ಗಟ್ಟಿಯಾಗಿ.

"ಗುಂಡಿ?"

"ಇಲ್ಲ."

"ಹೇಗಿತ್ತು ಅದು, ಸರಿಯಾಗಿ ವರ್ಣಿಸಿ."

"ದುಂಡಗೆ. ಬಣ್ಣಬಣ್ಣ. ಬಟ್ಟೆಗೆ ಹಚ್ಚೋದಾದ್ರೆ ಮಕ್ಕಳ ಫ್ರಾಕಿಗೆ ಬಿಟ್ಟು ಬೇರೆಯದಕ್ಕೆ ಒಪ್ಪಲ್ಲ."

"ಬೀಗರೇ, ಅದು ಕೀಬೋರ್ಡಿನಲ್ಲಿತ್ತಾ, ಪರದೆ ಮೇಲಿತ್ತಾ?"

"ಪರದೆ ಮೇಲೆ."

"ಅದನ್ನ ಐಕಾನ್ ಅಂತಾರೆ."

"ಏನಾದ್ರೂ ಅನ್ನಲಿ, ಈಗ ಇಲ್ಲ."

ಹೇಗೆ ಹೋಯಿತೆಂದು ಹೇಳಲೇಬೇಕಾಯಿತು. ಬುಟ್ಟಿಯ ವಿಷಯ ಬಂದಾಗ ಮೇಷ್ಟ್ರು ಕೆಮ್ಮಿದರು. ನಗುವನ್ನು ಕೆಮ್ಮಾಗಿ ತಿರುಗಿಸುವ ವಿದ್ಯೆ ತರಗತಿಯಲ್ಲಿ ಅವರು ಕಲಿತದ್ದು. "ಅದು ಕಸದ ಬುಟ್ಟಿ ಬೀಗರೇ. ಅದರ ಕೆಳಗೇ ಬರೆದಿರುತ್ತಲ್ಲ."

"ರೀಸೈಕಲ್ ಅಂತ ಬರೆದಿದೆ. ಅಂದ್ರೆ ಮತ್ತೆ ಬಳಸೋದು ಅಂತ ನಿಮ್ಮ ಮಗಳೇ ಹೇಳಿದ್ದು. ಮತ್ತೆ ಬಳಸೋಣ ಅಂತಲೇ ಹಾಕಿದ್ದೆ."

ಹೆಸರಿಟ್ಟವರು ಯಾರೋ, ಅದನ್ನು ಹೆಸರಿನಂತೆಯೇ ಬಳಸಿದವರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು ಎಂದುಕೊಂಡರು ಮೇಷ್ಟ್ರು.

"ಈಗ ಇಂಟರ್‌ನೆಟ್ಟೇ ಹೋಯ್ತಲ್ಲ" ಎಂದರು ಮಾಸ್ಟರು. ದನಿ ತುಸು ಇಳಿದಿತ್ತು. "ಅವಳು ಬಂದು ಕೂರೋ ಹೊತ್ತಿಗೆ ಏನು ತೋರಿಸಲಿ? ಅವರು ಬೇರೆಯವರ ಹತ್ರ ಹೋಗಿಬಿಡ್ತಾರೆ. ಮಾತಾಡದೆ ಕೆಲಸ ಮಾಡೋ ಹುಡುಗಿ. ಇದೊಂದನ್ನ ಬಾಯಿಬಿಟ್ಟು ಕೇಳಿದ್ಲು."

ಮೇಷ್ಟ್ರು ಕೆಮ್ಮುವುದನ್ನು ನಿಲ್ಲಿಸಿದರು. ಮಾಸ್ಟರು ಹೇಳುತ್ತಿದ್ದ ಹುಡುಗಿ ಮೇಷ್ಟ್ರ ಮಗಳೂ ಆಗಿದ್ದಳು. "ಇಂಟರ್‌ನೆಟ್ ಹೋಗಿಲ್ಲ. ನೋಡಿ, ಗಾಳಿಗೆ ನಿಮ್ಮ ಅಂಗಡಿಯ ಬೋರ್ಡು ಬಿತ್ತು ಅಂತಿಟ್ಕೊಳ್ಳಿ. ಅಂಗಡಿ ಬೀಳುತ್ತಾ?"

"ಇಲ್ಲ. ಗಿರಾಕಿ ದಾರಿ ತಪ್ತಾನೆ."

"ಅಷ್ಟೇ ಆಗಿರೋದು."

ಮಾಸ್ಟರು ಯೋಚಿಸಿದರು. ಯೋಚಿಸಿದಷ್ಟೂ ಅದು ತಮಗೆ ಗೊತ್ತಿದ್ದ ವಿಷಯವೇ ಅನ್ನಿಸಿತು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತೇವೆ, ಗೆರೆಯನ್ನು ನಂಬಿ ಕತ್ತರಿ ಓಡುತ್ತದೆ, ಆದರೆ ಗೆರೆ ಅಳಿಸಿದರೆ ಬಟ್ಟೆಗೆ ಏನೂ ಆಗದು. ಗುರುತು ಬೇರೆ, ಸರಕು ಬೇರೆ. ಬಹಳ ದಿನ ಗುರುತನ್ನೇ ಮುಟ್ಟಿ ಕೆಲಸ ಮಾಡಿದವನಿಗೆ ಮಾತ್ರ ಎರಡೂ ಒಂದೇ ಅನ್ನಿಸತೊಡಗುತ್ತದೆ. "ಅಂದ್ರೆ" ಎಂದರು, "ಗುಂಡಿ ಬಿದ್ದಿದೆ, ಅಂಗಿ ಪೆಟ್ಟಿಗೆಯಲ್ಲೇ ಇದೆ."

"ಪೆಟ್ಟಿಗೆಯಲ್ಲೇ ಇದೆ. ಹೊಸ ಗುಂಡಿ ಹಚ್ಚೋಣ. ಪರದೆಯ ಕೆಳಗೆ ಒಂದು ಪಟ್ಟಿಯಿದೆ, ಅದರಲ್ಲಿ ಕಿಟಕಿ ಥರದ್ದನ್ನ ಒತ್ತಿ. ಕಂಪ್ಯೂಟರಿನಲ್ಲಿ ಇರೋದೆಲ್ಲ ಅಕ್ಷರದ ಸಾಲಿನಲ್ಲಿ ಬರುತ್ತೆ."

ಬಂತು. ಅಕ್ಷರಗಳ ಸಾಲು ಹಿಡಿದು ಇಳಿಯುತ್ತ ಹೋದರು, ಅಲ್ಲಿ ಆ ದುಂಡನೆಯ ಬಣ್ಣದ್ದು ಏನೂ ಆಗದವರಂತೆ ಕೂತಿತ್ತು. ಮಾಸ್ಟರಿಗೆ ಅದನ್ನು ಎತ್ತಿ ಮುದ್ದಾಡಬೇಕೆನಿಸಿತು.

"ಅದರ ಮೇಲೆ ಬಾಣ ಇಟ್ಟು ಮೌಸಿನ ಬಲಗಡೆ ಒತ್ತಿ. ಒಂದು ಸಣ್ಣ ಪಟ್ಟಿ ಬರುತ್ತೆ."

ಮಾಸ್ಟರು ಮೌಸನ್ನು ನೋಡಿದರು. ಬಲಗಡೆ ಎಂದರೆ ಯಾರ ಬಲ? ಹೊಲಿಗೆಯಲ್ಲಿ ಎದುರು ನಿಂತು ಅಳತೆ ತೆಗೆಯುವವನ ಬಲ ಲೆಕ್ಕಕ್ಕಿಲ್ಲ, ಬಲತೋಳು ಅಂದರೆ ತೊಟ್ಟವರ ಬಲತೋಳು. ಇಲ್ಲಿ ಬಾಲದಂಥ ವೈರು ಆಚೆಗೆ ಹೋಗಿತ್ತು. ಬಾಲ ಆಚೆಗಿದ್ದರೆ ಮುಖ ತಮ್ಮ ಕಡೆ. ಮುಖ ತಮ್ಮ ಕಡೆಯಿದ್ದರೆ ಅದರ ಬಲ ತಮ್ಮ ಎಡ. ಸರಿಯಾಗಿ ಲೆಕ್ಕ ಹಾಕಿ ಎಡಗಡೆ ಒತ್ತಿದರು.

"ಪಟ್ಟಿ ಬಂತಾ?"

"ಪಟ್ಟಿ ಬರಲಿಲ್ಲ" ಎಂದರು ಮಾಸ್ಟರು ಮೆಲ್ಲಗೆ. "ಊರೇ ಬಂತು."

ಬ್ರೌಸರು ಪರದೆ ತುಂಬ ತೆರೆದುಕೊಂಡಿತ್ತು. ಸೊಸೆಯ ಅಂಚೆ, ಮೇಲ್ವಿಚಾರಕಿಯ ಪತ್ರ, ಎಲ್ಲ ಇದ್ದಲ್ಲೇ ಇತ್ತು. ಹೆಂಡತಿ ಹೊಲಿಗೆ ಕೆಳಗಿಟ್ಟು ಎದ್ದು ಬಂದು ನೋಡಿದಳು. ಯಾವುದನ್ನು ಒತ್ತಿದಿರಿ ಎಂದು ಮೇಷ್ಟ್ರು ಕೇಳಿದರು, ಬಾಲದ ಲೆಕ್ಕ ಕೇಳಿಸಿಕೊಂಡರು, ಈ ಸಲ ಕೆಮ್ಮಲಿಲ್ಲ, ಬಿಚ್ಚುಮನಸ್ಸಿನಿಂದ ನಕ್ಕರು. "ತರ್ಕ ಸರಿಯಾಗೇ ಇದೆ ಬೀಗರೇ. ಇಲಿಯೇ ತಿರುಗಾಮುರುಗಾ. ಇರಲಿ ಬಿಡಿ, ಕೆಲಸ ಆಯ್ತಲ್ಲ."

"ಎಲ್ಲಿ ಆಯ್ತು? ಮಾತಾಡ್ತಾ ಮಾತಾಡ್ತಾ ಇದು ಮುಚ್ಚಿಹೋದ್ರೆ ಅವಳು ಗುಂಡಿ ಹುಡುಕಲ್ವಾ? ಗುಂಡಿ ಇಲ್ಲದ ಅಂಗಿ ಇವತ್ತಿನವರೆಗೆ ಯಾರ ಕೈಗೂ ಕೊಟ್ಟಿಲ್ಲ ನಾನು."

"ಸರಿ, ಹಾಗಾದ್ರೆ ಸುಲಭದ ದಾರಿ. ಆ ಸಾಲಿನಲ್ಲಿರೋದನ್ನ ಒತ್ತಿ ಹಿಡಿದು, ಬಿಡದೆ, ಖಾಲಿ ಪರದೆಗೆ ಎಳೆದು ತಂದು ಬಿಡಿ."

"ಎಳೆದು ತಂದ್ರೆ ಅಲ್ಲಿ ಖಾಲಿಯಾಗಲ್ವಾ?"

"ಆಗಲ್ಲ. ಒಂದು ಮಾದರಿ ಕಾಗದ ಇಟ್ಟು ನೀವು ಎಷ್ಟು ಅಂಗಿ ಕತ್ತರಿಸಲ್ಲ? ಹಾಗೆ."

ಈ ಮಾತು ಮಾಸ್ಟರಿಗೆ ಬಹಳ ಹಿಡಿಸಿತು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರು ಹಾಕಿ, ತೆರೆದ ಊರನ್ನು ತಾತ್ಕಾಲಿಕವಾಗಿ ಕೆಳಗಿಳಿಸಿ, ಉಸಿರು ಬಿಗಿಹಿಡಿದು ಎಳೆದರು. ಯಂತ್ರ ಹಳೆಯದು, ಸ್ವಲ್ಪ ನಿಧಾನ. ಬಿಟ್ಟ ಕಡೆ ಏನೂ ಕಾಣಲಿಲ್ಲ. ಮತ್ತೆ ಎಳೆದರು. ಮತ್ತೂ ಎಳೆದರು. ಬಟನ್ ಹಚ್ಚುವಾಗ ಸೂಜಿ ಒಂದೇ ಸಲ ಹೋಗಿ ಬಂದರೆ ಗಟ್ಟಿಯಾಗುವುದಿಲ್ಲವಷ್ಟೇ. ಇದ್ದಕ್ಕಿದ್ದಂತೆ ಯಂತ್ರಕ್ಕೆ ಎಚ್ಚರವಾಗಿ, ಎಳೆದದ್ದೆಲ್ಲ ಒಟ್ಟಿಗೆ ಬಂದು ನಿಂತವು, ಅಲ್ಲೊಂದು ಇಲ್ಲೊಂದು. ಹರಡಿದ್ದನ್ನು ಕಂಡರೆ ಮಾಸ್ಟರಿಗೆ ಆಗುವುದಿಲ್ಲ. ಅಳಿಸುವ ಧೈರ್ಯವಂತೂ ಇನ್ನು ಈ ಜನ್ಮದಲ್ಲಿ ಬಾರದು. ಹಾಗಾಗಿ ಅವನ್ನೆಲ್ಲ ಎಡದಂಚಿಗೆ ತಂದು, ಮೇಲಿನಿಂದ ಕೆಳಕ್ಕೆ, ಸಮ ಅಂತರದಲ್ಲಿ ಸಾಲಾಗಿ ನಿಲ್ಲಿಸಿದರು.

ಕೊನೆಯದನ್ನು ಕೂರಿಸುತ್ತಿದ್ದಾಗ ಸೊಸೆ ಒಳಗೆ ಬಂದಳು. ಕೈಯಲ್ಲಿ ಪೇಟೆಯ ಚೀಲ, ಹಣೆಯ ಮೇಲೆ ಬೆವರು. ಪರದೆ ನೋಡಿ ನಿಂತಳು.

"ಮಾವ, ಇದೇನು, ಪರದೆಗೆ ಕೋಟು ಹೊಲಿದಿದ್ದೀರಾ?"

"ಒಂದು ಬಿದ್ದರೆ ಇನ್ನೊಂದಿರಲಿ ಅಂತ" ಎಂದರು ಮಾಸ್ಟರು.

"ಒಂದು ಯಾಕೆ ಬೀಳುತ್ತೆ?"

ಅವರು ಬಾಯಿ ತೆರೆಯುವ ಮೊದಲೇ ಮೇಜಿನ ಮೇಲಿನ ಫೋನು ಮಾತಾಡಿತು. "ನಾನೇನೂ ಹೇಳಿಲ್ಲ ಮಗಳೇ."

"ಅಪ್ಪಾ?"

ಅಲ್ಲಿಗೆ ಮುಚ್ಚಿಡುವುದು ಮುಗಿಯಿತು. ಅತ್ತೆಯೇ ಮುಂದೆ ಬಂದು, ಸಿಪ್ಪೆಯಿಂದ ಬಾಲದವರೆಗೆ ಒಂದನ್ನೂ ಬಿಡದೆ ವರದಿ ಒಪ್ಪಿಸಿದಳು. ಸೊಸೆ ಚೀಲ ಹಿಡಿದುಕೊಂಡೇ ಕೇಳಿದಳು. ಕೊನೆಗೆ ಮಾವನ ಕಡೆ ತಿರುಗಿ, "ಬುಟ್ಟಿ ಖಾಲಿ ಮಾಡಿದವಳು ನಾನಲ್ವಾ ಮಾವ. ಏನಿದೆ ಅಂತ ನೋಡಲಿಲ್ಲ, ಚೆಲ್ಲಿಬಿಟ್ಟೆ. ನಿಮ್ಮನ್ನೇನು ಅನ್ನಲಿ" ಎಂದಳು. ಆಮೇಲೆ ಗಡಿಯಾರ ನೋಡಿ, ಮುಖ ಒರೆಸಿಕೊಂಡು, ಸಾಲಿನ ನಡುವಿನ ಒಂದು ಗುಂಡಿ ಒತ್ತಿ ಕೂತಳು. ಮೇಷ್ಟ್ರು, "ನಾನು ಸುಮ್ಮನಿರ್ತೀನಿ, ಫೋನ್ ಇಡಬೇಡಿ" ಎಂದರು.

ಮೇಲ್ವಿಚಾರಕಿ ಪರದೆಯಲ್ಲಿ ಕಾಣಿಸಿಕೊಂಡಳು. ಕನ್ನಡಕ ತಲೆಯ ಮೇಲೆ, ಹಿಂದೆ ಗೂಟಗಳಿಗೆ ತೂಗುಹಾಕಿದ ಉಡುಪುಗಳು, ಮುಖದಲ್ಲಿ ಬೆಳಗಿನಿಂದ ಇಂಥ ಎಷ್ಟೋ ಚಿತ್ರಗಳನ್ನು ನೋಡಿದ ದಣಿವು. ಮಾಸ್ಟರು ಕಣ್ಣಿಗೆ ಬೀಳದಂತೆ ಇಸ್ತ್ರಿ ಮೇಜಿನ ಪಕ್ಕಕ್ಕೆ ಸರಿದರು. ಸೊಸೆ ಚಿತ್ರ ತೋರಿಸಿ ವಿವರಿಸಿದಳು. ರಾಜ್ಯ ಕಳೆದುಕೊಂಡ ಗಳಿಗೆಯಲ್ಲಿ ರಾಜ ಎಲ್ಲರೆದುರಿಗೆ ನಿಲುವಂಗಿಯನ್ನು ಒಂದೇ ಎಳೆತಕ್ಕೆ ಕಳಚಬೇಕು. ಅದಕ್ಕೆ ಕೊಕ್ಕೆ ಇಲ್ಲ, ಭುಜದಿಂದ ಪಕ್ಕೆಯವರೆಗೆ ಕುಣಿಕೆಗಳಲ್ಲಿ ತೂರಿದ ಒಂದೇ ದೋರಿ, ಅದನ್ನೆಳೆದರೆ ಇಡೀ ಅಂಗಿ ಬಿಚ್ಚಿ ಬೀಳುತ್ತದೆ.

"ಚಿತ್ರ ಚೆನ್ನಾಗಿದೆ" ಎಂದಳು ಮೇಲ್ವಿಚಾರಕಿ. "ಚಿತ್ರದಲ್ಲಿ ಎಲ್ಲರದೂ ಬೀಳುತ್ತೆ. ನಿಜವಾಗ್ಲೂ ಬೀಳುತ್ತಾ?"

"ಹೊಲಿದಿದ್ದೀನಿ. ಗೊಂಬೆಗೆ ತೊಡಿಸಿದ್ದೀನಿ ನೋಡಿ."

"ಗೊಂಬೆ ಕೈ ಎತ್ತಲ್ಲಮ್ಮ. ನಮ್ಮ ರಾಜ ಕೈ ಎತ್ತಿ ಅರ್ಧ ಗಂಟೆ ಮಾತಾಡ್ತಾನೆ. ಮನುಷ್ಯರಿಗೆ ತೊಡಿಸಿ."

ಅಂಗಡಿಯಲ್ಲಿ ರಾಜನ ಅಳತೆಗೆ ಹತ್ತಿರವಿದ್ದವರು ಒಬ್ಬರೇ. ಮಾಸ್ಟರು ಬೇಡ ಬೇಡವೆನ್ನುತ್ತಲೇ ನಿಲುವಂಗಿಯೊಳಗೆ ಹೊಕ್ಕು ಪರದೆಯ ಮುಂದೆ ಬಂದು ನಿಂತರು. ಕೈ ಎತ್ತಿ, ಇಳಿಸಿ, ಎಡಗೈಯಲ್ಲಿ ದೋರಿ ಎಳೆದರು. ಅಂಗಿ ಭುಜದಿಂದ ಜಾರಿ, ಮೊಣಕೈಯ ಬಳಿ ಸಿಕ್ಕಿ ನಿಂತಿತು. ಇನ್ನೊಮ್ಮೆ ಎಳೆದರು. ಬರಲಿಲ್ಲ. ರಾಜ ಅರ್ಧ ಸುಲಿದ ಬಾಳೆಹಣ್ಣಿನಂತೆ ನಿಂತಿದ್ದ. ಪರದೆಯಲ್ಲಿ ಮೇಲ್ವಿಚಾರಕಿ ಕನ್ನಡಕವನ್ನು ಕಣ್ಣಿಗಿಳಿಸಿ, ಗಡಿಯಾರದ ಕಡೆ ನೋಡಿದಳು.

ಹೆಂಡತಿ ಸೂಜಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಸೊಸೆ ಮಾತ್ರ ಗಾಬರಿಯಾಗಲಿಲ್ಲ. ಹತ್ತಿರ ಬಂದು ಸಿಕ್ಕಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಪರದೆಯ ಕಡೆಗೇ ತಿರುಗಿ ಹೇಳಿದಳು. "ಮೇಡಂ, ಇದು ಹತ್ತಿಯ ದೋರಿ. ಮೈ ಬಿಸಿಗೆ, ಬೆವರಿಗೆ ಉಬ್ಬಿ ಕುಣಿಕೆ ಕಚ್ಚುತ್ತೆ. ಗೊಂಬೆಗೆ ಬೆವರು ಬರಲ್ಲವಲ್ಲ, ಅದಕ್ಕೇ ಅಲ್ಲಿ ಜಾರ್ತಿತ್ತು. ಹೀಗಾಗಬಹುದು ಅಂತ ಅನುಮಾನ ಇತ್ತು, ಇವತ್ತು ರೇಷ್ಮೆಯದ್ದು ತಂದಿದ್ದೀನಿ. ಸ್ವಲ್ಪ ಹೊತ್ತು ಕೊಡಿ, ಬದಲಾಯಿಸ್ತೀನಿ."

"ಈಗಲೇನಾ?"

"ಈಗಲೇ."

ಮೇಲ್ವಿಚಾರಕಿ ಕುರ್ಚಿಗೆ ಒರಗಿದಳು. "ಮಾಡು. ಕ್ಯಾಮೆರಾ ಆಫ್ ಮಾಡಬೇಡ, ನೋಡ್ತೀನಿ."

ಅತ್ತೆ ಪಿನ್ನಿಗೆ ದೋರಿಯ ತುದಿ ಸಿಕ್ಕಿಸಿದಳು, ಸೊಸೆ ಕುಣಿಕೆಯಿಂದ ಕುಣಿಕೆಗೆ ತೂರಿಸುತ್ತ ಇಳಿದಳು, ಮಾಸ್ಟರು ಮೈಮೇಲಿನ ಅಂಗಿಯನ್ನು ಅಲ್ಲಾಡಿಸದೆ ಉಸಿರು ಹಿಡಿದು ನಿಂತರು. ಬಾಯಿ ಬಿಡಬೇಕೆನಿಸಿದರೂ ಬಿಡಲಿಲ್ಲ. ಅದು ಅವಳ ಹೊಲಿಗೆ, ಅವಳ ಮಾತು.

"ಎಳೆಯಿರಿ ಮಾವ."

ಎಳೆದರು. ಸರ್ರನೆ ಒಂದು ಸದ್ದು. ಇಡೀ ನಿಲುವಂಗಿ ಭುಜದಿಂದ ಪಕ್ಕೆಯವರೆಗೆ ಒಮ್ಮೆಗೇ ಬಿಚ್ಚಿಕೊಂಡು ಕಾಲಬುಡಕ್ಕೆ ಕುಸಿಯಿತು, ಬನಿಯನ್ನು ತೊಟ್ಟ ಮಾಸ್ಟರು ಅದರ ನಡುವೆ ನಿಂತಿದ್ದರು. ಆ ಕಡೆಯ ಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೇಲ್ವಿಚಾರಕಿಯ ಮುಖದ ದಣಿವು ಎಲ್ಲೋ ಹೋಗಿತ್ತು.

"ತಪ್ಪಾದದ್ದು ಯಾಕೆ ಅಂತ ನನ್ನ ಮುಂದೆ ನೇರವಾಗಿ ಹೇಳಿದವಳು ನೀನೊಬ್ಬಳೇ ಕಣಮ್ಮ" ಎಂದಳು. "ರಾಜನದ್ದು ನೀನೇ ಹೊಲಿ. ರಾಣಿದೂ, ಮಂತ್ರಿದೂ ಅಳತೆ ಕಳಿಸ್ತೀನಿ. ಅವರು ಯಾರು, ನಿಂತಿರೋರು?"

"ನಮ್ಮ ಮಾವ. ಅಂಗಡಿಯ ಮಾಸ್ಟರು."

"ಅವರಿಗೆ ಇನ್ನೊಂದ್ಸಲ ತೊಡಿಸ್ತೀಯಾ? ನಮ್ಮ ರಾಜನನ್ನ ಕರೆಸಿದ್ದೀನಿ. ಹೇಗೆ ಬೀಳಿಸಬೇಕು ಅಂತ ಅವನೂ ನೋಡಲಿ."

ಸೊಸೆ ಬಾಗಿ ಅಂಗಿಯನ್ನು ಎತ್ತಿಕೊಂಡಳು. ಮುಖ ಅರಳಿತ್ತು. ಮಾಸ್ಟರು ಅದನ್ನು ನೋಡಿದರು, ನೋಡಿಯೂ ನೋಡದವರಂತೆ ಪರದೆಯ ಕಡೆಗೆ ತಿರುಗಿದರು.

"ಕರೀರಿ ಮೇಡಂ, ಕರೀರಿ" ಎಂದರು, ತೋಳೊಳಗೆ ಕೈ ತೂರಿಸುತ್ತ. "ರಾಜ್ಯ ಕಳ್ಕೊಳ್ಳೋದು ಹೇಗೆ ಅಂತ ನಾನು ಹೇಳ್ಕೊಡ್ತೀನಿ."